ಹೈಡ್ರಾಲಿಕ್ ಫಿಲ್ಟರ್ ಬದಲಿಸೋದು ಯಾವಾಗ: ಗಂಟೆ ಲೆಕ್ಕವೋ, ಇಂಡಿಕೇಟರೋ, ಆಯಿಲ್ ಟೆಸ್ಟೋ?

ಎಕ್ಸ್‌ಕವೇಟರ್ ಥರದ ಮಷಿನ್‌ನಲ್ಲಿ ಹೈಡ್ರಾಲಿಕ್ ಆಯಿಲ್‌ನ ಕೊಳೆ ಹಿಡಿಯುವ ಫಿಲ್ಟರ್ ಬದಲಿಸೋ ಹೊತ್ತು ತಿಳಿಯೋಕೆ ಈ ಮೂರು ದಾರಿ. ಮೊದಲು ಖರ್ಚು. ಗಂಟೆ ಲೆಕ್ಕಕ್ಕೆ ಮಷಿನ್ ಎಷ್ಟು ಗಂಟೆ ಓಡಿದೆ ಅಂತ ಮೀಟರ್ ನೋಡಿದರೆ ಸಾಕು. ಆದರೆ ಇನ್ನೂ ಓಡುವ ಫಿಲ್ಟರ್ ಕೂಡ ಕೆಲವು ಸಲ ಕಸಕ್ಕೆ ಹೋಗುತ್ತದೆ. ಫಿಲ್ಟರ್ ಕಟ್ಟಿಕೊಂಡಾಗ ಹಸಿರಿನಿಂದ ಕೆಂಪಿಗೆ ತಿರುಗುವ ಇಂಡಿಕೇಟರ್ ಆ ದುಡ್ಡು ಉಳಿಸುತ್ತದೆ. ಟೆಸ್ಟ್‌ಗೆ ಪ್ರತಿ ಸಲ ಲ್ಯಾಬ್ ಫೀಸು, ಮೇಲೆ ರಿಪೋರ್ಟ್‌ಗೆ ಕಾಯಬೇಕು.

ನಂಬಿಕೆಯ ವಿಷಯದಲ್ಲಿ ಮೂರಕ್ಕೂ ತುಂಬಾ ವ್ಯತ್ಯಾಸ ಇದೆ. ಇಂಡಿಕೇಟರ್ ಅಳೆಯೋದು ಒತ್ತಡವನ್ನು, ಕೊಳೆಯನ್ನಲ್ಲ. ಬೆಳಗಿನ ಚಳಿಗೆ ಆಯಿಲ್ ಗಟ್ಟಿಯಾಗಿದ್ದರೆ ಸುಮ್ನೆ ಕೆಂಪು ತೋರಿಸುತ್ತದೆ. ಮಷಿನ್ ಬಿಸಿಯಾದ ಮೇಲೆ ನೋಡಿ. ಇದಕ್ಕಿಂತ ಅಪಾಯ ಅಂದರೆ, ಎಲಿಮೆಂಟ್ (ಫಿಲ್ಟರ್ ಒಳಗಿನ ಸೋಸುವ ಭಾಗ) ಹರಿದಿದ್ದರೂ ಅದು ಹಸಿರನ್ನೇ ತೋರಿಸಬಹುದು. ಆಯಿಲ್ ನೋಡಿ ಹೇಳ್ತೀನಿ ಅನ್ನೋರನ್ನು ನಂಬಬೇಡಿ. ಸುಮಾರು 40 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಕಣ ಕಣ್ಣಿಗೆ ಬೀಳಲ್ಲ, ಪಂಪನ್ನು ಸವೆಸೋದು ಅದಕ್ಕಿಂತ ಸಣ್ಣವೇ. ಟೆಸ್ಟ್ ಆ ಕಣಗಳನ್ನು ಐಎಸ್‌ಒ 4406 (ಆಯಿಲ್‌ನಲ್ಲಿ ಎಷ್ಟು ಕಣ ಇವೆ ಅಂತ ಹೇಳುವ ಅಂತರರಾಷ್ಟ್ರೀಯ ಮಾನದಂಡ) ಲೆಕ್ಕದಲ್ಲಿ ಎಣಿಸುತ್ತದೆ, ನೀರು ಸೇರಿದ್ದರೂ ಹೇಳುತ್ತದೆ. ಸ್ಯಾಂಪಲ್ ಮಾತ್ರ ಬಿಸಿ ಆಯಿಲ್ ಹರಿಯುವಾಗಲೇ, ಸ್ವಚ್ಛ ಬಾಟಲಿಗೆ ತೆಗೆಯಬೇಕು. ಟ್ಯಾಂಕಿನ ತಳದ್ದು ಬೇಡ.

ಒಂದೇ ಮಷಿನ್, ಮಣ್ಣಿನ ಕೆಲಸ ಅಂದರೆ ಮ್ಯಾನುಯಲ್‌ನ ಗಂಟೆ ಲೆಕ್ಕವೇ ಸಲೀಸು. ಬ್ರೇಕರ್ ಹಾಕಿ ಬಂಡೆ ಒಡೆಸುವವರು ಅದನ್ನು ಕಡಿಮೆ ಮಾಡಿಕೊಳ್ಳಬೇಕು, ಎಷ್ಟು ಅಂತ ಮ್ಯಾನುಯಲ್‌ನಲ್ಲೇ ನೋಡಿ. ದಿನದ ಕೆಲಸ ಒಂದೇ ಥರ ಇಲ್ಲದ ಕಡೆ ಇಂಡಿಕೇಟರ್ ಒಳ್ಳೆಯದು, ಜೊತೆಗೆ ಗಂಟೆಯ ಮಿತಿಯೂ ಇರಲಿ. ಕ್ವಾರಿಯಲ್ಲಿ ನಾಲ್ಕಾರು ಮಷಿನ್ ಇದ್ದರೆ ಟೆಸ್ಟ್ ಖರ್ಚು ದೊಡ್ಡದೇನಲ್ಲ. ಪಂಪು ಒಡೆದು ರಿಪೇರಿ ಆದಾಗ ಮಾತ್ರ ಯಾವ ಲೆಕ್ಕವೂ ಬೇಡ, ಫಿಲ್ಟರ್ ಹೊಸದೇ ಹಾಕಿ.