ಬಸುರಿದ್ದಾಗ ಕೂಸಿಗಿ ಹಾಡು: ಹೊಟ್ಟಿ ಹೆಡ್‌ಫೋನ್, ಆನ್‌ಲೈನ್ ಕ್ಲಾಸ್, ಸ್ಪೀಕರ್, ನನ್ನ ಬ್ಯಾಸುರ ದನಿ, ಯಾವ್ದು ಉಪಯೋಗಕ್ಕ ಬಂತು?

ನಮ್ಮ ನಾದಿನಿಗಿ ಈಗ ಐದ್ನೇ ತಿಂಗ್ಳು. ನಿನ್ನಿ ಫೋನ್ ಮಾಡಿ "ವೈನಿ, ಹೊಟ್ಟಿಗಿ ಹಚ್ಚೋ ಹೆಡ್‌ಫೋನ್ ನಿಮ್ಮಂತ್ಯಾಕ ಅದ ಅಲ್ಲಾ, ನಂಗ ಕೊಡ್ರಿ" ಅಂದ್ಲು. ಅದ ಖರೇ, ಕಪಾಟಿನ್ಯಾಗ ಬಿದ್ದದ, ಆದ್ರ ಕೊಡಂಗಿಲ್ಲ ಅಂದೆ. ಯಾಕ ಅಂತ ಅಕಿಗಿ ಅರ್ಧಾ ತಾಸು ಹೇಳಿದ್ದನ್ನೇ ಇಲ್ಲಿ ಬರೀಲತ್ತೀನಿ, ಯಾಕಂದ್ರ ನಾಕೂ ನಾನೇ ಮಾಡಿ ನೋಡೀನಿ, ಎರಡಕ್ಕ ರೊಕ್ಕಾನೂ ಕಳಕೊಂಡೀನಿ.

ನಾನು ಕಲಬುರಗಿದಾಗ ಒಂದು ಪ್ರೈವೇಟ್ ಸಾಲ್ಯಾಗ ಎರಡ್ನೇ ಕ್ಲಾಸಿಗಿ ಟೀಚರ್. ನನ್ನ ಡೇಟ್ ಇದ್ದಿದ್ದು ಮೇ ತಿಂಗಳದಾಗ, ಅಂದ್ರ ಪೂರಾ ಬ್ಯಾಸಗಿ ಹೊಟ್ಟಿ ಹೊತ್ಕೊಂಡೇ ತೆಗದೀನಿ.

ಮೊದ್ಲು ಆ ಹೆಡ್‌ಫೋನ್. 1,200 ರೂಪಾಯಿ ಕೊಟ್ಟು ಆನ್‌ಲೈನ್ ತರ್ಸಿದ್ದು, ಎರಡು ದುಂಡನ ಸ್ಪೀಕರ್ ಹೊಟ್ಟಿಗಿ ಅಂಟಿಸ್ಕೊಂಡು ಫೋನಿಗಿ ವೈರ್ ಹಾಕೋದು. ನನ್ನ ಕಿವಿಗಿ ಸಣ್ಣಗ ಕೇಳ್ತಿತ್ತು, ಹೊಟ್ಟ್ಯಾಗ ನೀರದ, ಕೂಸಿಗಿ ಇನ್ನೂ ಕಡ್ಮಿ ಕೇಳ್ತಿರಬಹುದು ಅಂತ ಸೌಂಡ್ ಏರಿಸ್ಕೋತ ಹ್ವಾದೆ. ಕೂಸು ಒದೀತು. ನಂಗ ಅಗ್ದಿ ಖುಷಿ, ಹಾಡಿಗಿ ಕುಣೀಲತ್ತದ ಅಂತ ನಮ್ಮ ಮನಿಯವ್ರ ಕೈ ಹಿಡ್ದು ಹೊಟ್ಟಿ ಮ್ಯಾಲ ಇಟ್ಟು ತೋರಿಸ್ದೆ. ಮುಂದಿನ ಚೆಕಪ್ಪಿನಾಗ ಡಾಕ್ಟರ್ ಮೇಡಮ್ ಮುಂದ ಹೆಮ್ಮಿಲೇ ಹೇಳಿದ್ರ ಅವ್ರು, "ಜೋರು ಸಪ್ಪಳ ಬಂದ್ರ ಕೂಸು ಬೆಚ್ಚಿನೂ ಒದೀತದ, ಹೊಟ್ಟ್ಯಾಗ ಅದು ದಿನದ ಬಹಳ ಹೊತ್ತು ಮಲಗೇ ಇರ್ತದ, ಮಲಗಿದವ್ರ ಕಿವಿಗಿ ಸ್ಪೀಕರ್ ಇಟ್ರ ಹೆಂಗ? ನೀವಾದ್ರ ಕಿವಿ ಮುಚ್ಕೋತೀರಿ, ಅದು ಎಲ್ಲಿ ಹೋಗ್ಬೇಕು?" ಅಂದ್ರು. ಮಾರಿ ಸಣ್ಣಾತು ನಂದು. ಇನ್ನೊಂದು ಮಾತೂ ಅಂದ್ರು, ಇದು ಎಲ್ಲಾರೂ ನೆಪ್ಪಿಟ್ಕೋರಿ: 28 ವಾರ ಆದ ಮ್ಯಾಲ ಕೂಸಿನ ಅಲುಗಾಟ ಕಡ್ಮಿ ಅನ್ಸಿದ್ರ ಹಾಡು ಹಚ್ಚಿ ಎಬ್ಬಿಸ್ಲಾಕ ಹೋಗ್ಬ್ಯಾಡ್ರಿ, ಎಡಗ ಮಗ್ಗಲಾಗಿ ಮಲಗಿ ಎಣಿಸ್ರಿ, ಎರಡು ತಾಸಿನ್ಯಾಗ ಹತ್ತು ಸಲ ಆಗ್ಲಿಲ್ಲಂದ್ರ ಸೀದಾ ದವಾಖಾನಿಗಿ ಬರ್ರಿ ಅಂತ. ಅವತ್ತೇ ಹೆಡ್‌ಫೋನ್ ಕಪಾಟ ಸೇರ್ತು.

ಇನ್ನ ಕ್ಲಾಸ್. ಹೆಸ್ರು ಹೇಳಂಗಿಲ್ಲ. ಎರಡು ತಿಂಗಳಿಗಿ 3,500 ರೂಪಾಯಿ, ಮುಂಜಾನಿ ಆರಕ್ಕ ಫೋನ್ ಮುಂದ ಕೂಡ್ಬೇಕು. ಮ್ಯೂಸಿಕ್ ಥೆರಪಿ ಅಂತ ಹೆಸ್ರಿಟ್ಟಿದ್ರು, ಆದ್ರ ಥೆರಪಿ ಅನ್ನಬೇಕಂದ್ರ ಅದನ್ನ ಕಲ್ತವ್ರು ನಮ್ಮ ಸ್ಥಿತಿ ಕೇಳಿ ನೋಡಿ ಮಾಡ್ಬೇಕು. ಇಲ್ಲಿ ನಲವತ್ತು ಮಂದಿಗಿ ಒಂದೇ ರೆಕಾರ್ಡಿಂಗ್! ಮೊಜಾರ್ಟ್ ಅನ್ನೋ ಹಳೇ ಕಾಲದ ಯುರೋಪಿನ ಸಂಗೀತಗಾರನ ಸಂಗೀತ ಕೇಳಿಸಿದ್ರ ಕೂಸು ಶ್ಯಾಣ್ಯಾ ಹುಟ್ತದ ಅಂತ ದಿನಾ ಹೇಳ್ತಿದ್ರು. ನಂಗ ತಡೀಲಿಲ್ಲ, ಹುಡುಕಿ ಓದ್ದೆ. ಈ ಸುದ್ದಿ ಎದ್ದಿದ್ದು 1993ರ ಒಂದು ಪ್ರಯೋಗದಿಂದ, ಅದು ಮಾಡಿದ್ದು 36 ಕಾಲೇಜ್ ಹುಡುಗರ ಮ್ಯಾಲ, ಹಾಡು ಕೇಳಿದ ಮ್ಯಾಲ ಒಂದು ನಮೂನಿ ಆಕಾರದ ಲೆಕ್ಕದಾಗ ಜರಾ ಛಲೋ ಮಾಡಿದ್ರು, ಅದೂ ಹತ್ತು ಹದಿನೈದು ಮಿನಿಟಿನ ಮಟ್ಟಿಗಿ. ಬಸುರಿನೂ ಇಲ್ಲ ಕೂಸೂ ಇಲ್ಲ ಅದ್ರಾಗ! ಆದ್ರೂ ಅನ್ಯಾಯ ಮಾತು ಬ್ಯಾಡ, ಅಲ್ಲಿ ಕಲಿಸಿದ ಉಸಿರಾಟ ನಂಗ ಹೆರಿಗಿ ಟೈಮಿನ್ಯಾಗ ಕೈ ಹಿಡೀತು, ಮತ್ತ ಬೀದರಿನ ಒಬ್ಬಾಕಿ ಗೆಳತಿನೂ ಸಿಕ್ಕಳು. ಅಷ್ಟಕ್ಕ 3,500 ಹೆಚ್ಚಾತು ಅಂತೀನಿ.

ಸ್ಪೀಕರ್ ಬಗ್ಗಿ ಮಾತ್ರ ಕೆಟ್ಟದ್ದು ಹೇಳ್ಲಾಕ ಬಾಯಿ ಬರಂಗಿಲ್ಲ. ಮನಿಯವ್ರದು ಹಳೀ ಬ್ಲೂಟೂತ್ ಸ್ಪೀಕರ್, ಕ್ವಾಣಿ ಆ ಮೂಲಿಗಿ ಇಟ್ಟು ರಾತ್ರಿ ಮಲಗೋ ಮೊದ್ಲು ಅರ್ಧಾ ತಾಸು ಬಾನ್ಸುರಿ ಹಚ್ತಿದ್ದೆ, ಮಾತಾಡಿದ್ರ ಕೇಳ್ಬೇಕು ಅಷ್ಟೇ ಸೌಂಡ್. ಮಾರ್ಚ್ ಬಂದ್ ಮ್ಯಾಲ ಕೂಲರಿನ ಗರ್ರ್ ಅನ್ನೋ ಸಪ್ಪಳದಾಗ ಬಾನ್ಸುರಿ ಅರ್ಧಾನೇ ಕೇಳ್ತಿತ್ತು, ಕೂಲರ್ ಬಂದ್ ಮಾಡಿದ್ರ ನಾ ಬೇಯ್ತೀನಿ, ಹಂಗೇ ನಡೀತು. ಖರೇ ಹೇಳ್ಬೇಕಂದ್ರ ಇದ್ರಿಂದ ಕೂಸಿಗಿ ಏನಾತೋ ಗೊತ್ತಿಲ್ಲ, ನನಗಂತೂ ನಿದ್ದಿ ಬಂತು. ಮೊದಲ್ನೇ ಸಲ ಬಸುರಾಗಿ ಮೂರ್ನೇ ತಿಂಗಳದಾಗ ಹೋಗಿತ್ತು, ಅದಕ್ಕ ಈ ಸಲ ರಾತ್ರಿ ಆದ್ರ ಎದಿ ಡವಡವ ಅಂತಿತ್ತು, ಅದು ತಣ್ಣಗಾತು. 2008ರಾಗ ತೈವಾನಿನ್ಯಾಗ 236 ಬಸುರಿ ಹೆಣ್ಮಕ್ಕಳ ಮ್ಯಾಲ ಹಿಂಗೇ ನೋಡಿದ್ರು, ಎರಡು ವಾರ ದಿನಾ ಅರ್ಧಾ ತಾಸು ಹಾಡು ಕೇಳಿದವ್ರಿಗಿ ಚಿಂತಿ, ಅಂಜಿಕಿ, ಬ್ಯಾಸರ ಕಡ್ಮಿ ಆಗಿತ್ತು. ತಾಯಿಗಿ ಸಮಾಧಾನ ಬೇಕಂದ್ರ ನಾ ಇದಕ್ಕೇ ಓಟ್ ಹಾಕ್ತೀನಿ.

ಆದ್ರ ಕೂಸಿನ ಜೋಡಿ ಗುರ್ತು ಆಗ್ಬೇಕಂದ್ರ ಸ್ಪೀಕರ್ ಸೋಲ್ತದ, ಅಲ್ಲಿ ನಮ್ಮ ದನಿಯೇ ಬೇಕು. 25 ವಾರದ ಸುಮಾರಿಗಿ ಕೂಸಿನ ಕಿವಿ ಕೆಲಸ ಮಾಡ್ಲಾಕ ಸುರು ಮಾಡ್ತದ. ಹೊರಗಿನ ಸಪ್ಪಳ ಹೊಟ್ಟಿ, ನೀರು ದಾಟಿ ಹೋಗೋದ್ರೊಳಗ ಸಣ್ಣ ಕೀಚ್ ದನಿಯೆಲ್ಲಾ ಸವದು ಹೋಗ್ತದ, ದಪ್ಪ ದನಿ ಅಷ್ಟೇ ಉಳೀತದ, ತಾಯಿ ದನಿ ಹಂಗಲ್ಲ, ಅದು ಮೈಯೊಳಗಿಂದ್ಲೂ ನಡದು ಹೋಗ್ತದ. 1980ರಾಗ ಅಮೆರಿಕಾದಾಗ ಡಿಕ್ಯಾಸ್ಪರ್ ಅನ್ನವ್ರು ಹುಟ್ಟಿ ಮೂರು ದಿನಾನೂ ಆಗಿರದ ಕೂಸುಗಳ ಬಾಯಾಗ ನಿಪ್ಪಲ್ ಇಟ್ಟು, ಒಂದು ನಮೂನಿ ಚೀಪಿದ್ರ ತಾಯಿ ದನಿ, ಇನ್ನೊಂದು ನಮೂನಿ ಚೀಪಿದ್ರ ಬ್ಯಾರೆ ಹೆಣ್ಮಗಳ ದನಿ ಕೇಳೋಹಂಗ ಮಾಡಿ ನೋಡಿದ್ರ, ತಾಯಿ ದನಿ ಕೇಳ್ಬೇಕಂತ ಅವು ಚೀಪೋ ರೀತಿನೇ ಬದ್ಲು ಮಾಡಿದ್ವು! ಕೊನೀ ಆರು ವಾರ ತಾಯಿ ಜೋರಾಗಿ ಓದಿದ್ದನ್ನೂ ಹುಟ್ಟಿದ ಮ್ಯಾಲ ಗುರ್ತು ಹಿಡೀತಾವ ಅಂತ 1986ರಾಗ ಅವ್ರೇ ತೋರಿಸಿದ್ರು.

ಇದನ್ನ ಓದಿ ನಾ ಹಾಡ್ಲಾಕ ಕುಂತೆ. ನನ್ನ ದನಿ ಹೆಂಗಂದ್ರ ಸಾಲ್ಯಾಗ ಪ್ರಾರ್ಥನಾಕ್ಕ ಮೈಕ್ ಕೊಡಂಗಿಲ್ಲ ನಂಗ. ಕುಬಸ ಆದ ಮ್ಯಾಲ ತವರುಮನಿ ಆಳಂದಕ್ಕ ಹೋದಾಗ ಅವ್ವ ತನ್ನ ಅವ್ವನ ಕಡಿಂದ ಕಲ್ತ ಜೋಗುಳ ಹೇಳ್ಕೊಟ್ಲು, ಬೀಸೋ ಕಲ್ಲಿನ ಪದದ ಧಾಟಿದಾಗೇ ಅದ. ಮೂರ್ನೇ ಸಾಲಿಗಿ ನಾ ಯಾವಾಗ್ಲೂ ತಪ್ತಿದ್ದೆ, ಅವ್ವ ರೊಟ್ಟಿ ಬಡ್ಕೋತೇ ಅಲ್ಲಿಂದ ಕೂಗಿ ತಿದ್ದೋದು. ಮೊದ್ಲು ನಾಚಿಕಿ ಬರ್ತಿತ್ತು, ಒಂದು ವಾರದಾಗ ಹೊಟ್ಟಿ ಮ್ಯಾಲ ಕೈ ಇಟ್ಟು ಮಾತಾಡೋದೂ ರೂಢಿ ಆತು, ಅವತ್ತಿಂದ ನಂಗ ಒಳಗ "ಒಬ್ಬರು" ಅದಾರ ಅನ್ಸಿದ್ದು. ಹೆಡ್‌ಫೋನ್ ಹಚ್ಚಿದಾಗ ಹಂಗ ಒಮ್ಮೆನೂ ಅನ್ಸಿದ್ದಿಲ್ಲ. 2017ರಾಗ ಇಟಲಿದಾಗ ಬಸುರಿದ್ದಾಗಿಂದ್ಲೇ ಜೋಗುಳ ಹಾಡಿದ ತಾಯಂದಿರನ್ನ ನೋಡಿದ್ರ, ಕೂಸಿಗಿ ಮೂರು ತಿಂಗಳಾದಾಗ ಅವರ ನಂಟು ಹಾಡದವ್ರಕಿಂತ ಗಟ್ಟಿ ಇತ್ತಂತ, ಕೂಸುಗಳು ಅಳೋದೂ ಕಡ್ಮಿ ಇತ್ತಂತ.

ಅಳೋದು ಕಡ್ಮಿ ಅನ್ನೋದು ನಮ್ಮ ಮನ್ಯಾಗ ಆಗ್ಲಿಲ್ಲ ಬಿಡ್ರಿ. ಹುಟ್ಟಿದ ಹನ್ನೊಂದ್ನೇ ದಿನ ರಾತ್ರಿ ಎರಡಕ್ಕ ಕರೆಂಟ್ ಹೋತು, ಕೂಲರ್ ಬಂದ್, ಕೂಸು ಕೆಂಪಗಾಗಿ ಚೀರ್ಲತ್ತು. ಬಾನ್ಸುರಿ ಹಚ್ಚಿದೆ, ಇಲ್ಲ. ಜೋಗುಳ ಹಾಡ್ದೆ, ಅವ್ವನೂ ಹಾಡಿದ್ಲು, ಇಲ್ಲ. ನಂಗ ತಲಿ ಕೆಟ್ಟು ಹೋಗಿ, ಏನು ಹಾಡ್ಬೇಕು ತಿಳೀದೇ "ಎರಡೊಂದ್ಲಿ ಎರಡು, ಎರಡೆರಡ್ಲಿ ನಾಕು" ಅಂತ ಮಗ್ಗಿ ಸುರು ಮಾಡ್ದೆ. ಮೂರರ ಮಗ್ಗಿ ಅರ್ಧಾ ಆಗೋದ್ರೊಳಗ ಚೀರೋದು ನಿಂತು ಬಿಕ್ಕಳಿಕಿ ಆತು, ಐದರದಕ್ಕ ಕಣ್ಣು ಮುಚ್ತು. ಆಮ್ಯಾಲ ನೆಪ್ಪಾತು, ಏಪ್ರಿಲ್ ತನಕ ಸಾಲ್ಯಾಗ ದಿನಾ ಎರಡು ಪೀರಿಯಡ್ ಅದನ್ನೇ ಹೇಳ್ಸೀನಿ, ತವರುಮನ್ಯಾಗೂ ಅಣ್ಣನ ಮಗನ್ನ ಸಂಜಿಗಿ ಕಟ್ಟಿ ಮ್ಯಾಲ ಕೂಡ್ಸಿ ಅದನ್ನೇ ಹೇಳ್ಸೀನಿ. ಅವ್ವ ಮಾತ್ರ "ಗ್ಯಾಸ್ ಹೋತು, ಅದಕ್ಕ ಮಲಗ್ತು" ಅಂತಾಳ. ಅದೂ ಇರಬಹುದು, ಆದ್ರ ಮರುದಿನ ರಾತ್ರಿನೂ ಮಗ್ಗಿಗೇ ಮಲಗ್ತು.

ನಾದಿನಿಗಿ ಸ್ಪೀಕರ್ ಒಯ್ಯಿ ಅಂತ ಹೇಳೀನಿ. ಚಾರ್ಜರ್ ಎಲ್ಲದ ನಂಗೊತ್ತಿಲ್ಲ, ನಿಮ್ಮಣ್ಣನ್ನ ಕೇಳವ್ವ.