ಒಂದೂವರೆ ವರ್ಷ ಸಿಬಿಟಿ, ಮೂರು ನೋಟ್‌ಬುಕ್

ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅಂದರೆ ತಲೆಗೆ ಬರುವ ಯೋಚನೆಗಳನ್ನು ಪರೀಕ್ಷಿಸಿ ನೋಡಲು ಕಲಿಸುವ ಮನಸ್ಸಿನ ಚಿಕಿತ್ಸೆ. ಅದರ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ, ಹೆಚ್ಚಿನದನ್ನು ಬಿಡುತ್ತೇನೆ. ನಾನು ಹೇಳಬೇಕಿರುವುದು ಅದರಲ್ಲಿ ನನಗೆ ಕೊಟ್ಟ ನಾಲ್ಕು ಕಾಲಂ ಹೋಮ್‌ವರ್ಕ್ ಬಗ್ಗೆ.

ವಾರಕ್ಕೊಮ್ಮೆ 50 ನಿಮಿಷ, ಒಂದು ಸಲಕ್ಕೆ 1,200 ರೂಪಾಯಿ. 14 ಸಲ ಹೋದೆ. ಒಟ್ಟು ಎಷ್ಟಾಯ್ತು ಅಂತ ಲೆಕ್ಕ ಹಾಕಿ ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ. ಮೊದಲ ದಿನವೇ ಫಾರ್ಮ್ ಕೊಟ್ಟರು: ಏನಾಯ್ತು, ತಲೆಗೆ ಏನು ಬಂತು, ಅದಕ್ಕೆ ಸಾಕ್ಷಿ ಏನು, ಅದರ ವಿರುದ್ಧ ಏನಿದೆ. ಎಲ್ಲ ಇಂಗ್ಲಿಷ್. ನಾನೂ ಆಫೀಸ್ ಮೇಲ್ ಬರೆದ ಹಾಗೆ ಇಂಗ್ಲಿಷ್‌ನಲ್ಲೇ ತುಂಬಿದೆ. ಒಂದು ತಿಂಗಳು ಏನೂ ಆಗಲಿಲ್ಲ. ದುಡ್ಡು ದಂಡ ಅಂತ ಬಿಡುವವನಿದ್ದೆ.

ಐದನೇ ಸಲ ಥೆರಪಿಸ್ಟ್ ಮೇಡಂ ಕೇಳಿದರು, "ಈ ಯೋಚನೆ ನಿಮಗೆ ಯಾವ ಭಾಷೆಯಲ್ಲಿ ಬಂತು?" ಫಾರ್ಮ್‌ನಲ್ಲಿ ಇದ್ದದ್ದು 'ಎಂಬರಾಸ್ಡ್'. ತಲೆಗೆ ಬಂದಿದ್ದು "ಮಾನ ಹೋಯ್ತು". ಎರಡೂ ಒಂದೇ ಅಲ್ಲ, ಅಲ್ವಾ? ಕರೆಯದೇ ಬರುವ, ನಾವು ಪರೀಕ್ಷಿಸದೇ ನಂಬಿಬಿಡುವ ಯೋಚನೆಯನ್ನೇ 1960ರ ದಶಕದಲ್ಲಿ ಸಿಬಿಟಿಗೆ ಅಡಿಪಾಯ ಹಾಕಿದ, ಅಮೆರಿಕದ ಫಿಲಡೆಲ್ಫಿಯಾದ ಡಾಕ್ಟರ್ ಆರನ್ ಬೆಕ್ ಗುರುತಿಸಿದ್ದಂತೆ. ಅದನ್ನು ಬಂದ ಹಾಗೇ ಬರೆಯಬೇಕು.

ಅವತ್ತೇ 200 ಪುಟದ ನೋಟ್‌ಬುಕ್ ತಂದೆ. ಊಟ ಮುಗಿಸಿ, ಪಾತ್ರೆ ನೆನೆಹಾಕಿ, ಅಡುಗೆಮನೆ ಕಟ್ಟೆ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯುವುದು. ಎಳೆಯುವಷ್ಟರಲ್ಲೇ ಅರ್ಧ ಸಿಟ್ಟು ಇಳಿದಿರುತ್ತದೆ.

ಒಂದು ಭಾನುವಾರ ರಾತ್ರಿ 9:40ಕ್ಕೆ ಮ್ಯಾನೇಜರ್ ವಾಟ್ಸಾಪ್: "ನಾಳೆ ಬಂದ ತಕ್ಷಣ ಸಿಗಿ." ಬರೆದೆ: "ಕೆಲಸ ಹೋಯ್ತು, ಇಎಂಐ ಗತಿ ಏನು." ನಂಬಿಕೆ 90%. ಸಾಕ್ಷಿ: ಮೆಸೇಜಿನಲ್ಲಿ ಸ್ಮೈಲಿ ಇಲ್ಲ. ಓದಿ ನನಗೇ ನಗು ಬಂತು, ಆ ಮನುಷ್ಯ ಯಾವತ್ತೂ ಸ್ಮೈಲಿ ಹಾಕಿದವರಲ್ಲ. ವಿರುದ್ಧ: ಹೋದ ವಾರವೇ ಹೊಸ ಕೆಲಸ ಒಪ್ಪಿಸಿದ್ದಾರೆ. 90 ಇಳಿದು 40 ಆಯ್ತು. ಸೊನ್ನೆ ಆಗಲಿಲ್ಲ, ಆದರೆ ನಿದ್ದೆ ಬಂತು. ಬೆಳಿಗ್ಗೆ ನೋಡಿದರೆ ಅವರಿಗೆ ಶನಿವಾರದ ಡ್ಯೂಟಿ ಬದಲಾಯಿಸಿಕೊಳ್ಳಬೇಕಿತ್ತು, ಅಷ್ಟೆ.

ಎಲ್ಲದಕ್ಕೂ ಆಗುತ್ತೆ ಅಂದುಕೊಳ್ಳಬೇಡಿ. ಅಮ್ಮನ ಆಪರೇಷನ್ ದಿನ ನಾಲ್ಕನೇ ಕಾಲಂ ಖಾಲಿ ಉಳಿಯಿತು. ಭಯ ನಿಜವೇ ಆಗಿದ್ದಾಗ ಅಲ್ಲಿ ಏನು ಬರೆಯುವುದು? ಮೇಡಂ ಕೂಡ ಬರೆಯಿಸಲಿಲ್ಲ, ಸುಮ್ನೆ ಕೂತು ಕೇಳಿಸಿಕೊಂಡರು.

ದುಡ್ಡು ಜಾಸ್ತಿ ಅನ್ನಿಸಿದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆ 14 ಸಲ ಮುಗಿದರೂ ಬರೆಯುವುದು ನಿಂತಿಲ್ಲ, ನನ್ನದು ಈಗ ಮೂರನೇ ನೋಟ್‌ಬುಕ್. ಸ್ಕೇಲನ್ನು ಮಗಳು ಶಾಲೆಯಲ್ಲಿ ಕಳೆದುಕೊಂಡು ಬಂದಿದ್ದಾಳೆ, ಗೆರೆ ಸೊಟ್ಟ ಬರುತ್ತಿದೆ.