ಕಾಗದ, ಗೂಗಲ್ ಫಾರ್ಮ್, ಕೋಬೊ: ಮನಸ್ವಾಸ್ಥ್ಯದ ಸರ್ವೆಗೆ ಯಾವುದು ಎಲ್ಲಿ ಕೈಕೊಡುತ್ತದೆ

ಸಾರ್ವಜನಿಕ ಆರೋಗ್ಯದ ಪ್ರಾಜೆಕ್ಟಿಗೆ ಸಂಶೋಧನಾ ಸಹಾಯಕರಾಗಿ ಸೇರುವ ವಿದ್ಯಾರ್ಥಿಯ ಕೈಗೆ ಮೊದಲು ಬರುವುದು ಸರ್ವೆ ಕೆಲಸ. ನೆಮ್ಮದಿ ಅಳೆಯುವ ಡಬ್ಲ್ಯುಎಚ್‌ಒ-5, ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯು-9 ಎಂಬ ಎರಡೂ ಪ್ರಶ್ನಾವಳಿಗಳನ್ನು ಕಾಗದದಲ್ಲಿ, ಗೂಗಲ್ ಫಾರ್ಮಿನಲ್ಲಿ, ಮೊಬೈಲಿನಲ್ಲಿ ಸರ್ವೆ ನಡೆಸುವ ಕೋಬೊ ಆ್ಯಪಿನಲ್ಲಿ ನಡೆಸಿ ನೋಡಿದ ಮೇಲಿನ ಹೋಲಿಕೆ ಇದು. ತಪ್ಪು ಮೂರರಲ್ಲೂ ಆಗುತ್ತದೆ. ಅದು ಯಾವಾಗ ಕಣ್ಣಿಗೆ ಬೀಳುತ್ತದೆ ಎನ್ನುವುದರಲ್ಲೇ ವ್ಯತ್ಯಾಸ: ಕಾಗದದಲ್ಲಿ ಅದೇ ಸಂಜೆ, ಕೋಬೊದಲ್ಲಿ ಊರಿಗೆ ಹೋಗುವ ಮೊದಲು, ಗೂಗಲ್ ಫಾರ್ಮಿನಲ್ಲಿ ಬಹಳ ಸಲ ಬೀಳುವುದೇ ಇಲ್ಲ.

ಮೊದಲು ಅಂಕದ ಲೆಕ್ಕ. ಡಬ್ಲ್ಯುಎಚ್‌ಒ-5ರಲ್ಲಿ ಐದು ವಾಕ್ಯ, ಒಂದೊಂದಕ್ಕೆ 0ಯಿಂದ 5. ಮೊತ್ತವನ್ನು 4ರಿಂದ ಗುಣಿಸಿದರೆ 0–100ರೊಳಗೆ ಬರುತ್ತದೆ. ಅಂಕ ಏರಿದಷ್ಟೂ ನೆಮ್ಮದಿ ಹೆಚ್ಚು. ಪಿಎಚ್‌ಕ್ಯು-9ರಲ್ಲಿ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಇಲ್ಲಿ ಏರಿದಷ್ಟೂ ತೊಂದರೆ ಹೆಚ್ಚು. 10 ಮುಟ್ಟಿದರೆ ಮುಂದಿನ ತಪಾಸಣೆಗೆ ಕಳಿಸುವುದು ರೂಢಿ. ಎರಡೂ ಕೇಳುವುದು ಕಳೆದ ಎರಡು ವಾರದ ಬಗ್ಗೆ, ದಿಕ್ಕು ಮಾತ್ರ ಎದುರುಬದುರು. ಒಂದರ ಉತ್ತರಪಟ್ಟಿ ಇನ್ನೊಂದಕ್ಕೆ ಅಂಟಿಕೊಂಡರೆ ಇಡೀ ಡೇಟಾ ತಲೆಕೆಳಗು.

ಕಾಗದದ ದೊಡ್ಡ ಗುಣ, ಎದುರಿಗೆ ಕೂತವರಿಗೆ ಭಯ ಹುಟ್ಟಿಸುವುದಿಲ್ಲ. ಒಟಿಪಿ ಮೋಸದ ಸುದ್ದಿ ಕೇಳಿದವರು ಅಪರಿಚಿತರ ಮೊಬೈಲ್ ಕಂಡರೆ ಹಿಂಜರಿಯುತ್ತಾರೆ. ರಟ್ಟಿಗೆ ಕ್ಲಿಪ್ ಹಾಕಿದ ಹಾಳೆಗೆ ಆ ಅಂಜಿಕೆ ಇಲ್ಲ. ಮನೆಯವರು ಕಿವಿಗೊಟ್ಟು ನಿಂತಿದ್ದರೆ ಓದು ಬಲ್ಲವರಿಗೆ ಹಾಳೆಯನ್ನೇ ಕೊಟ್ಟು ನೀವೇ ಗುರುತು ಹಾಕಿ ಎನ್ನಬಹುದು. ಆದರೆ ಎರಡು ಬದಿ ಮುದ್ರಿಸಿದರೆ ಹಿಂಬದಿ ಬಿಟ್ಟುಹೋಗುತ್ತದೆ, ಹಾಗಾಗಿ ಒಂದೇ ಬದಿ ಮುದ್ರಿಸಿ, ಪ್ರತಿ ಹಾಳೆಗೂ ಐಡಿ ಸಂಖ್ಯೆ ಬರೆಯಿರಿ. ಟಿಕ್ ಗುರುತು ಎರಡು ಚೌಕದ ನಡುವೆ ಬಿದ್ದರೆ ಯಾವ ಉತ್ತರವೆಂದು ಯಾರಿಗೂ ತಿಳಿಯದು. ಅಂಕಿಗೆ ಸುತ್ತು ಹಾಕುವುದೇ ಸರಿ. ತಿದ್ದುವಾಗ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ವೈಟ್‌ನರ್ ಬೇಡ. ಹಾಳೆಗಳ ಪರಿಶೀಲನೆ ಊರು ಬಿಡುವ ಮೊದಲೇ ಮುಗಿಯಬೇಕು. ಹಾಸ್ಟೆಲಿಗೆ ಬಂದ ಮೇಲೆ ಖಾಲಿ ಪ್ರಶ್ನೆ ಕಂಡರೆ ಮತ್ತೆ ಆ ಮನೆ ಬಾಗಿಲಿಗೆ ಹೋಗುವವರು ಕಡಿಮೆ, ಊಹೆಯಿಂದ ತುಂಬುವ ಚಪಲ ಜಾಸ್ತಿ.

ಕಾಗದದ ನಿಜವಾದ ಖರ್ಚು ಡೇಟಾ ಎಂಟ್ರಿ. ನಮೂನೆಗೆ 5 ನಿಮಿಷ ಎಂದರೂ 200ಕ್ಕೆ ಸುಮಾರು 17 ಗಂಟೆ. ಇಬ್ಬರು ಬೇರೆಬೇರೆಯಾಗಿ ಹಾಕಿ ತಾಳೆ ನೋಡುವುದಾದರೆ 33 ಗಂಟೆ ಮೀರುತ್ತದೆ. ತಾಳೆ ನೋಡದ ಎಂಟ್ರಿಯನ್ನು ನಂಬಬಾರದು.

ಗೂಗಲ್ ಫಾರ್ಮ್ ಅರ್ಧ ಗಂಟೆಯಲ್ಲಿ ತಯಾರು, ಅದರ ಆಕರ್ಷಣೆ ಅಷ್ಟೇ. ಕಾಲೇಜಿನ ಒಂದು ತರಗತಿ, ಹೆಸರುಪಟ್ಟಿ ಕೈಯಲ್ಲಿದೆ, ಎಲ್ಲರ ಬಳಿಯೂ ಫೋನ್ ಇದೆ ಎಂದಾದರೆ ಸಾಕಾಗುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಲಿಂಕ್ ಹರಿಬಿಟ್ಟರೆ ಎಷ್ಟು ಜನ ನೋಡಿದರು ಎಂಬ ಲೆಕ್ಕವೇ ಸಿಗುವುದಿಲ್ಲ, ಅಂದಮೇಲೆ ಪ್ರತಿಕ್ರಿಯೆಯ ಪ್ರಮಾಣವನ್ನು ಬರೆಯುವಂತಿಲ್ಲ. ಒಬ್ಬರಿಗೆ ಒಂದೇ ಉತ್ತರ ಎಂದು ಕಟ್ಟಿದರೆ ಗೂಗಲ್ ಖಾತೆಗೆ ಲಾಗಿನ್ ಆಗಬೇಕು. ಮನಸ್ಸಿನ ವಿಷಯ ಬರೆಯುವವರು ಅಲ್ಲೇ ವಾಪಸ್ಸಾಗುತ್ತಾರೆ. ನೆಟ್ ಇಲ್ಲದ ಊರಲ್ಲಂತೂ ಫಾರ್ಮ್ ತೆರೆಯುವುದೇ ಇಲ್ಲ.

ಇನ್ನೊಂದು ಎಡವಟ್ಟು ಗ್ರಿಡ್. ಒಂಬತ್ತು ಪ್ರಶ್ನೆಗಳನ್ನು ಒಂದೇ ಗ್ರಿಡ್‌ಗೆ ಹಾಕಿದರೆ ಕನ್ನಡದ ಉದ್ದ ಉತ್ತರಗಳು ಸಣ್ಣ ಪರದೆಯಿಂದ ಆಚೆ ಸರಿಯುತ್ತವೆ, ಕೊನೆಯ ಕಾಲಂ ಕಾಣುವುದಿಲ್ಲ. ಮೇಲಾಗಿ ಉತ್ತರ ನೋಡಿ ಬೇರೆ ವಿಭಾಗಕ್ಕೆ ಕಳಿಸುವ ಸೌಲಭ್ಯ ಗ್ರಿಡ್‌ಗೆ ಇಲ್ಲ. ಅದಿರುವುದು ಒಂದೇ ಉತ್ತರ ಆರಿಸುವ ಪ್ರಶ್ನೆಗೆ ಮತ್ತು ಡ್ರಾಪ್‌ಡೌನ್‌ಗೆ ಮಾತ್ರ. ಶೀಟಿನಲ್ಲಿ ಸೇರುವುದೂ ಅಂಕಿಯಲ್ಲ, ಉತ್ತರದ ಮಾತು. ನಡುವೆ ಒಂದು ಕಾಗುಣಿತ ತಿದ್ದಿದರೂ ಒಂದೇ ಉತ್ತರ ಎರಡು ಬಗೆಯಾಗಿ ನಿಲ್ಲುತ್ತದೆ.

ಕೋಬೊದಲ್ಲಿ ಪ್ರಶ್ನಾವಳಿಯನ್ನು ಎಕ್ಸೆಲ್‌ನಲ್ಲಿ ಬರೆಯಬಹುದು: ಒಂದು ಶೀಟಿನಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರಪಟ್ಟಿ. ಫಾರ್ಮನ್ನು ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ವಯಸ್ಸು 18ಕ್ಕಿಂತ ಕಡಿಮೆ ಹಾಕಿದರೆ ಮುಂದೆ ಬಿಡದಂತೆ ಕಟ್ಟಬಹುದು, ಒಟ್ಟು ಅಂಕವನ್ನೂ ತಾನೇ ಕೂಡಿಸುತ್ತದೆ. ಬಲವೂ ಅಪಾಯವೂ ಇಲ್ಲೇ ಇವೆ. ಕಾಗದದಲ್ಲಿ ಒಬ್ಬರು ತಪ್ಪಿದರೆ ಒಂದು ಹಾಳೆ ಕೆಡುತ್ತದೆ. ಇಲ್ಲಿ ಎಕ್ಸೆಲ್‌ನಲ್ಲಿ ತಪ್ಪಿದರೆ 200 ನಮೂನೆಯೂ ಒಂದೇ ರೀತಿ ಕೆಡುತ್ತವೆ. ಉತ್ತರಗಳ ಸಂಕೇತ ಅಂಕಿಯಲ್ಲೇ ಇರಬೇಕು. ಒಂದು ಪ್ರಶ್ನೆ ಖಾಲಿ ಉಳಿದರೂ ಮೊತ್ತ ಬರುವುದಿಲ್ಲ. ಉತ್ತರ ಕಡ್ಡಾಯ ಮಾಡಿ, ಜೊತೆಗೆ 'ಉತ್ತರಿಸಲು ಇಷ್ಟವಿಲ್ಲ' ಎಂಬ ಆಯ್ಕೆ ಕೊಟ್ಟು ಅದನ್ನು ಲೆಕ್ಕದಿಂದ ಹೊರಗಿಡಿ.

ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಯನ್ನು ಹಾಗೇ ಅಂಟಿಸಿದರೆ ಮೊಬೈಲಿನಲ್ಲಿ ಗೀಚುಗೀಚಾಗಿ ಕಾಣುತ್ತದೆ. ಮೊದಲು ಯುನಿಕೋಡ್‌ಗೆ ಬದಲಿಸಿ. ಡೇಟಾ ಇಳಿಸಿದ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ನೇರ ತೆರೆದಾಗಲೂ ಕನ್ನಡ ಒಡೆಯಬಹುದು; ಡೇಟಾ ಮೆನುವಿನಿಂದ ಯುಟಿಎಫ್-8 ಎಂದು ಆರಿಸಿ ತನ್ನಿ. ಸರ್ವೆ ಶುರುವಾದ ಮೇಲೆ ಪ್ರಶ್ನೆಯ ಒಳಹೆಸರು (ಎಕ್ಸೆಲ್‌ನಲ್ಲಿ ಆ ಪ್ರಶ್ನೆಗೆ ಕೊಟ್ಟ ಗುರುತು) ಬದಲಿಸಬೇಡಿ, ಒಂದೇ ಪ್ರಶ್ನೆಗೆ ಎರಡು ಕಾಲಂ ಆಗುತ್ತವೆ. ಕಳಿಸದೆ ಉಳಿದ ನಮೂನೆ ಫೋನಿನಲ್ಲಷ್ಟೇ ಇರುತ್ತದೆ. ಫೋನ್ ಕಳೆದರೆ ಅದೂ ಹೋಯಿತು.

ಕೋಬೊದ ಆಡಿಟ್ ಸೌಲಭ್ಯವನ್ನು ತಪ್ಪದೆ ಹಾಕಿ. ಪ್ರತಿ ಪ್ರಶ್ನೆಯ ಮೇಲೆ ಎಷ್ಟು ಹೊತ್ತು ನಿಂತರು ಎಂಬುದು ದಾಖಲಾಗುತ್ತದೆ. ಐದು ವಾಕ್ಯ ಹತ್ತು ಸೆಕೆಂಡಿನಲ್ಲಿ ಮುಗಿದಿದ್ದರೆ ಯಾರೂ ಓದಿ ಹೇಳಿಲ್ಲ ಎಂದೇ ಅರ್ಥ.

ಓದುವ ಮಾತಿನ ತೊಡಕಂತೂ ಮೂರಕ್ಕೂ ಒಂದೇ. ಬೇಜಾರು ಎಂದರೆ ಒಬ್ಬರಿಗೆ ದುಃಖ, ಒಬ್ಬರಿಗೆ ಹೊತ್ತು ಹೋಗದಿರುವುದು, ಇನ್ನೊಬ್ಬರಿಗೆ ಯಾರೋ ಅಂದ ಮಾತಿನ ನೋವು. ಅನುವಾದವನ್ನು ಸ್ಥಳದಲ್ಲೇ ಬದಲಿಸದೆ, ಗೈಡ್ ಒಪ್ಪಿದ ಕನ್ನಡ ಪಾಠವನ್ನು ಇದ್ದ ಹಾಗೆ ಓದಿ. ಅರ್ಥವಾಗದಿದ್ದರೆ ಏನು ಹೇಳಬೇಕೆಂದು ತಂಡದವರೆಲ್ಲ ಮೊದಲೇ ಗೊತ್ತುಮಾಡಿಕೊಳ್ಳಿ.

ನಮ್ಮ ಆಯ್ಕೆಯನ್ನು ನಿರ್ಧರಿಸಿದ್ದು ಪಿಎಚ್‌ಕ್ಯು-9ರ ಒಂಬತ್ತನೆಯ ಪ್ರಶ್ನೆ. ಸತ್ತರೇ ವಾಸಿ ಎನಿಸಿತೇ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಂದಿತೇ ಎಂದು ಅದು ಕೇಳುತ್ತದೆ. ಗೂಗಲ್ ಫಾರ್ಮಿನಲ್ಲಿ ಒಬ್ಬರು ರಾತ್ರಿ ಹನ್ನೆರಡಕ್ಕೆ 'ಹೆಚ್ಚುಕಡಿಮೆ ದಿನಾಲೂ' ಎಂದು ಒತ್ತಿದರೆ ನೀವು ನೋಡುವುದು ವಾರದ ಮೇಲೆ, ಯಾರೆಂದು ತಿಳಿಯುವ ದಾರಿಯೂ ಇರದೆ. ದಿನಾ ಶೀಟ್ ನೋಡುವ, ಉತ್ತರಿಸಿದವರನ್ನು ತಲುಪುವ ವ್ಯವಸ್ಥೆ ಇಲ್ಲದಿದ್ದರೆ ಆ ಪ್ರಶ್ನೆಯನ್ನು ಅಲ್ಲಿ ಕೇಳಲೇಬಾರದು. ಕಾಗದದಲ್ಲಿ ಕೇಳುವವರು ಎದುರಿಗಿರುತ್ತಾರೆ, ಆದರೆ ಏನು ಮಾಡಬೇಕೆಂಬುದು ಅವರ ನೆನಪಿಗೆ ಬಿಟ್ಟದ್ದು. ಕೋಬೊದಲ್ಲಿ ಉತ್ತರ 0ಗಿಂತ ಹೆಚ್ಚಾದ ಕೂಡಲೇ ಸೂಚನೆ ತೆರೆದುಕೊಳ್ಳುವಂತೆ ಮಾಡಬಹುದು: ಸರ್ವೆ ನಿಲ್ಲಿಸಿ, ಎದ್ದು ಹೋಗಬೇಡಿ, ಗೈಡ್‌ಗೆ ಈಗಲೇ ಕರೆ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸಂಖ್ಯೆ ಇದು, ಟೆಲಿ ಮಾನಸ್ 14416. 2022ರಲ್ಲಿ ಶುರುವಾದ, ನಿಮ್ಹಾನ್ಸ್ ನೋಡಲ್ ಕೇಂದ್ರವಾಗಿರುವ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಜೊತೆಗೆ ಬಂದ ಆಶಾ ಕಾರ್ಯಕರ್ತೆಗೆ ಹೇಳುವುದಿದ್ದರೂ ಉತ್ತರಿಸಿದವರ ಒಪ್ಪಿಗೆ ಕೇಳಿಯೇ ಹೇಳಬೇಕು.

ಹಾಗಾಗಿ ಮನೆಮನೆ ಸರ್ವೆಗೆ ಕೋಬೊ, ಒಪ್ಪಿಗೆ ಪತ್ರ ಮಾತ್ರ ಕಾಗದದಲ್ಲಿ. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ತಂಡಕ್ಕೆ ಸೇರದ, ಓದು ಬಲ್ಲ ಸಾಕ್ಷಿ ಸಹಿ ಹಾಕಬೇಕು. ಆ ಹಾಳೆ ಉತ್ತರಗಳಿಂದ ಬೇರೆಯೇ ಬೀಗದ ಕಪಾಟಿನಲ್ಲಿರಬೇಕು. ಹೊರಡುವ ಮೊದಲು ಬೇರೆ ಊರಿನ 10 ಮನೆಯಲ್ಲಿ ಫಾರ್ಮ್ ಓಡಿಸಿ, ಒಟ್ಟು ಅಂಕವನ್ನು ಕೈಯಲ್ಲೂ ಕೂಡಿ ನೋಡಿ. ಬ್ಯಾಗಿನಲ್ಲಿ 20 ಕಾಗದದ ಪ್ರತಿ ಇರಲಿ. ಮೊಬೈಲ್ ಬೇಡ ಎಂದವರ ಉತ್ತರವನ್ನು ಅದರಲ್ಲಿ ಬರೆದುಕೊಂಡು, ಅದೇ ಸಂಜೆ ಕೋಬೊದ ವೆಬ್ ಫಾರ್ಮಿಗೆ ಹಾಕಿ, 'ಕಾಗದದಿಂದ' ಎಂಬ ಗುರುತು ಸೇರಿಸಿ.